ತಂಬೂರಿ ಕೊಳ್ಳುವ ಮುನ್ನ



ಸಂತೆಯಲ್ಲಿ ಗಡಿಗೆ ಕೊಳ್ಳುವಾಗ ನಿಮ್ಮ ಅಜ್ಜಿ ಏನು ಮಾಡುತ್ತಾರೆಂದು ಗಮನಿಸಿದ್ದೀರಾ? ಅವರು ಗಡಿಗೆಯ ಬಣ್ಣಕ್ಕೆ ಮರುಳಾಗುವುದಿಲ್ಲ. ಅದನ್ನು ಎಡಗೈಯಲ್ಲಿ ಎತ್ತಿ ಹಿಡಿದು ಬಲಗೈ ಬೆರಳಿನ ಗೆಣ್ಣಿನಿಂದ ಬಡಿಯುತ್ತಾರೆ. 'ಠಣ್' ಎಂದರೆ ಕೊಳ್ಳುತ್ತಾರೆ, 'ಬದ್' ಎಂದರೆ ಕೆಳಗಿಡುತ್ತಾರೆ. ಕಣ್ಣಿಗೆ ಕಾಣದ ಬಿರುಕನ್ನು ಕಿವಿ ಹಿಡಿಯುತ್ತದೆ. ಈ ಪಾಠದಲ್ಲಿ ನಾವು ಮಾಡಲಿರುವುದೂ ಇದನ್ನೇ. ಆದರೆ ಕೊಳ್ಳುವುದು ಗಡಿಗೆಯಲ್ಲ, ತಂತಿವಾದ್ಯ.

ಕಳೆದ ವರ್ಷ ಕಾಗವಾಡ ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಮುಖ್ಯಾಧ್ಯಾಪಕರು ನನಗೆ ಫೋನ್ ಮಾಡಿದರು. ಊರಿನ ಹಳೆಯ ವಿದ್ಯಾರ್ಥಿಗಳು ಶಾಲೆಗೆ ಒಂದು ವಾದ್ಯ ತರಲು ಹಣ ಕೂಡಿಸಿ ಕೊಟ್ಟಿದ್ದರು. ಇಂತಹ ಹಣ ಶಾಲೆಗೆ ಮತ್ತೆ ಮತ್ತೆ ಬರುವುದಿಲ್ಲ. ಒಮ್ಮೆ ತಪ್ಪಿದರೆ ತಪ್ಪಿದಂತೆಯೇ. "ನಾನು ಸಂಗೀತದ ಮಾಸ್ತರ ಅಲ್ಲರೀ, ವಿಜ್ಞಾನದವ" ಎಂದೆ. "ಅದಕ್ಕ ನಿಮ್ಮನ್ನ ಕರೀತೇನ್ರಿ. ಹಾಡೋದು ನಮ್ಮ ಹುಡುಗಿಗೆ ಬರ್ತದ, ಪರೀಕ್ಷಾ ಮಾಡೋದು ನಿಮಗ ಬರ್ತದ" ಎಂದರು.

ಹೋಗಿ ನೋಡಿದರೆ ಶಾಲೆಯಲ್ಲಿ ಎರಡು ಪಕ್ಷಗಳಾಗಿದ್ದವು. ಏಳನೇ ತರಗತಿಯ ಹುಡುಗರು, "ಸರ್, ಗಿಟಾರ್ ತರೂಣ್ರಿ, ಟಿವ್ಯಾಗ ಎಷ್ಟ ಚಂದ ಬಾರಸ್ತಾರ್ರಿ" ಎನ್ನುತ್ತಿದ್ದರು. ಆರನೇ ತರಗತಿಯ ಒಬ್ಬ ಹುಡುಗಿ ಸುಮ್ಮನೆ ನಿಂತಿದ್ದಳು. ದಿನಾಲು ಪ್ರಾರ್ಥನೆ ಹೇಳಿಕೊಡುವವಳು ಅವಳೇ. ಕಂಠ ಬಹಳ ಚೆನ್ನಾಗಿದೆ. ಆದರೆ ಶುರು ಮಾಡಿದ ಶ್ರುತಿಯಲ್ಲಿ ಮುಗಿಸುವುದಿಲ್ಲ, ಹಾಡುತ್ತ ಹಾಡುತ್ತ ಮೇಲೇರುತ್ತಾಳೆ. ಇನ್ನೂರು ಮಕ್ಕಳು ಅವಳ ಹಿಂದೆ ಏರಲಾರದೆ ಕೊನೆಯ ಸಾಲಿಗೆ ಚೀರಾಡುತ್ತಾರೆ! ಅವಳಿಗೆ ಬೇಕಾಗಿದ್ದುದು ಒಂದೇ ಶ್ರುತಿಯನ್ನು ಹಿಡಿದು ನಿಲ್ಲುವ ವಾದ್ಯ. ಅದೇ ತಂಬೂರಿ. ಗಿಟಾರಿನಲ್ಲಿ ಹಾಡನ್ನೇ ನುಡಿಸಬಹುದು. ತಂಬೂರಿಯಲ್ಲಿ ಹಾಡು ನುಡಿಸಲಾಗದು, ಅದು ಹಾಡಿಗೆ ನೆಲ ಹಾಕಿಕೊಡುತ್ತದೆ.

ಮುಖ್ಯಾಧ್ಯಾಪಕರು ಸಭೆ ಕರೆದು ತಂಬೂರಿಯೇ ಎಂದು ತೀರ್ಮಾನಿಸಿದರು. ಗಿಟಾರ್ ಪಕ್ಷದ ಇಬ್ಬರು ಹುಡುಗರನ್ನೂ ನಮ್ಮ ಜೊತೆ ಕರೆದುಕೊಳ್ಳುವುದಾಯಿತು. ಅಂಗಡಿಯಲ್ಲಿ ಎರಡೂ ವಾದ್ಯಗಳನ್ನು ಮುಟ್ಟಿ ನೋಡಬಹುದಲ್ಲ!

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಬಹಳ ವರ್ಷಗಳ ಹಿಂದೆ, ನಾನು ಆಗ ಕೆಲಸ ಮಾಡುತ್ತಿದ್ದ ಶಾಲೆಗೂ ಒಂದು ತಂಬೂರಿ ತಂದಿದ್ದೆವು. ಆರಿಸಿದವನು ನಾನೇ. ಮೈತುಂಬ ನವಿಲಿನ ಕೆತ್ತನೆ, ಕನ್ನಡಿಯಂತಹ ಪಾಲಿಶ್. ಅದನ್ನು ಬಡಿದು ನೋಡಲಿಲ್ಲ, ತಿರುಗಿಸಿ ನೋಡಲಿಲ್ಲ. ಮೊದಲ ಮಳೆಗಾಲದಲ್ಲೇ ಅದರ ಉದ್ದನೆಯ ದಾಂಡಿ ಬಿಲ್ಲಿನಂತೆ ಬಾಗಿತು. ಆಮೇಲೆ ಅದು ಕಪಾಟಿನ ಮೇಲೆ ಕುಳಿತೇ ಉಳಿಯಿತು. ಎಂ.ಎಸ್ಸಿ. ಓದಿದವನು ಅಜ್ಜಿ ಗಡಿಗೆ ಕೊಂಡಷ್ಟು ಎಚ್ಚರದಿಂದಲೂ ವಾದ್ಯ ಕೊಳ್ಳಲಿಲ್ಲ. ಈ ಪಾಠ ಬರೆಯಲು ಅದೂ ಒಂದು ಕಾರಣ.

ನಮ್ಮ ಪಕ್ಕದ ಮಿರಜ

ತಂಬೂರಿ ಕೊಳ್ಳಲು ನಮ್ಮ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಜನ ದೂರ ಹೋಗಬೇಕಾಗಿಲ್ಲ. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಮಿರಜ ಕಾಗವಾಡದಿಂದ ಇಪ್ಪತ್ತು ಕಿಲೋಮೀಟರ್ ಕೂಡ ಇಲ್ಲ. ರಾಯಬಾಗ, ಕುಡಚಿ, ಉಗಾರದವರು ರೈಲಿನಲ್ಲಿ ಹೋಗಬಹುದು. ಅಲ್ಲಿ ಸಿತಾರ್ ಮತ್ತು ತಂಬೂರಿ ತಯಾರಿಸುವ ಮನೆತನಗಳು ತಲೆಮಾರುಗಳಿಂದ ಕೆಲಸ ಮಾಡುತ್ತಿವೆ. ಕತ್ತಿ ಮುಂತಾದ ಆಯುಧಗಳಿಗೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮನೆತನದ ಫರೀದಸಾಹೇಬರು ಹತ್ತೊಂಬತ್ತನೇ ಶತಮಾನದ ನಡುವಿನಲ್ಲಿ ಈ ಕಸುಬು ಆರಂಭಿಸಿದರೆಂದು ಅಲ್ಲಿಯವರು ಹೇಳುತ್ತಾರೆ. ಕತ್ತಿಗಳಿಗೆ ಬೇಡಿಕೆ ಇಳಿದಾಗ ಅದೇ ಕೈಗಳು ವಾದ್ಯ ಮಾಡತೊಡಗಿದವು. ಮಿರಜದ ಸಿತಾರ್ ಮತ್ತು ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಸೂಚಿಕೆ ಮಾನ್ಯತೆ ದೊರೆತಿದೆ. ಮೈಸೂರು ರೇಷ್ಮೆಗೆ, ನಂಜನಗೂಡಿನ ರಸಬಾಳೆಗೆ ಇರುವಂತಹದೇ ಮಾನ್ಯತೆ ಅದು.

ಕಿರಾನಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನರು (1872-1937) ಮಿರಜದಲ್ಲಿ ನೆಲೆಸಿದ್ದರು. ವಾದ್ಯಗಳನ್ನು ತಾವೇ ಕೈಯಾರೆ ದುರಸ್ತಿ ಮಾಡುವುದರಲ್ಲಿ ಅವರು ಹೆಸರಾಗಿದ್ದರು. ನಮ್ಮ ಧಾರವಾಡದ ಮಲ್ಲಿಕಾರ್ಜುನ ಮನಸೂರರು ಹುಡುಗನಾಗಿದ್ದಾಗ ಸಂಗೀತ ಕಲಿತದ್ದೂ ಮಿರಜದಲ್ಲಿಯೇ, ನೀಲಕಂಠಬುವಾ ಅವರಲ್ಲಿ.

ತಂತಿಗೆ ಮೂರೇ ಮಾತು

ಅಂಗಡಿಗೆ ಹೋಗುವ ಮೊದಲು ತಂತಿಯ ಸ್ವಭಾವ ತಿಳಿದಿರಬೇಕು. ಮೀಟಿದ ತಂತಿ ಕಂಪಿಸುತ್ತದೆ. ಒಂದು ಸೆಕೆಂಡಿನಲ್ಲಿ ಎಷ್ಟು ಸಲ ಕಂಪಿಸುತ್ತದೆಯೋ ಅದು ಅದರ ಆವೃತ್ತಿ. ಇದನ್ನು ಹರ್ಟ್ಸ್‌ನಲ್ಲಿ ಅಳೆಯುತ್ತಾರೆ. ಆವೃತ್ತಿ ಹೆಚ್ಚಿದಂತೆ ಸ್ವರ ಮೇಲೇರುತ್ತದೆ. ಫ್ರಾನ್ಸ್ ದೇಶದ ಮರ್ಸೆನ್ ಎಂಬ ಪಾದ್ರಿ 1636ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ತಂತಿಯ ಆವೃತ್ತಿ ಮೂರು ಸಂಗತಿಗಳನ್ನು ಅವಲಂಬಿಸಿದೆ ಎಂದು ವಿವರಿಸಿದ. ಅವು ತಂತಿಯ ಉದ್ದ, ಬಿಗಿತ ಮತ್ತು ತೂಕ.

ಉದ್ದ ಅರ್ಧವಾದರೆ ಆವೃತ್ತಿ ಎರಡು ಪಟ್ಟಾಗುತ್ತದೆ. ಅಂದರೆ 'ಸ' ಇದ್ದುದು ಮೇಲಿನ 'ಸ' ಆಗುತ್ತದೆ. ಇದು ಸುಲಭ. ಬಿಗಿತದ ಲೆಕ್ಕದಲ್ಲಿ ಮಾತ್ರ ಎಲ್ಲರೂ ಎಡವುತ್ತಾರೆ. ಬಿಗಿತವನ್ನು ಎರಡು ಪಟ್ಟು ಮಾಡಿದರೆ ಆವೃತ್ತಿ ಎರಡು ಪಟ್ಟಾಗುವುದಿಲ್ಲ. ಆವೃತ್ತಿ ಎರಡು ಪಟ್ಟಾಗಬೇಕಾದರೆ ಬಿಗಿತ ನಾಲ್ಕು ಪಟ್ಟಾಗಬೇಕು. ತೂಕದ ಲೆಕ್ಕ ಇದಕ್ಕೆ ಉಲ್ಟಾ. ಅದೇ ಉದ್ದ, ಅದೇ ಬಿಗಿತದಲ್ಲಿ ನಾಲ್ಕು ಪಟ್ಟು ಭಾರದ ತಂತಿ ಹಾಕಿದರೆ ಆವೃತ್ತಿ ಅರ್ಧಕ್ಕೆ ಇಳಿಯುತ್ತದೆ.

ಮಾಡಿ ನೋಡಿ: ಮೀನು ಹಿಡಿಯುವ ಗಾಳದ ನೈಲಾನ್ ದಾರ, ಎರಡು ಪೆನ್ಸಿಲ್, ಐದು ಲೀಟರಿನ ಖಾಲಿ ಎಣ್ಣೆ ಡಬ್ಬಿ ತೆಗೆದುಕೊಳ್ಳಿ. ದಾರದ ಒಂದು ತುದಿಯನ್ನು ಮೇಜಿನ ಕಾಲಿಗೆ ಕಟ್ಟಿ, ದಾರವನ್ನು ಮೇಜಿನ ಮೇಲೆ ಹಾಯಿಸಿ, ಇನ್ನೊಂದು ತುದಿಗೆ ಡಬ್ಬಿಯನ್ನು ತೂಗುಬಿಡಿ. ದಾರದ ಕೆಳಗೆ ಎರಡು ಪೆನ್ಸಿಲ್‌ಗಳನ್ನು 60 ಸೆಂಟಿಮೀಟರ್ ಅಂತರದಲ್ಲಿ ಇಡಿ. ಡಬ್ಬಿ ಮತ್ತು ನೀರು ಸೇರಿ ಒಂದು ಕಿಲೋ ಆಗುವಷ್ಟು ನೀರು ಹಾಕಿ, ದಾರ ಮೀಟಿ ಕೇಳಿ. ಆಮೇಲೆ ಒಟ್ಟು ನಾಲ್ಕು ಕಿಲೋ ಆಗುವಂತೆ ನೀರು ತುಂಬಿ ಮತ್ತೆ ಮೀಟಿ. ಹೆಚ್ಚುಕಡಿಮೆ ಮೇಲಿನ 'ಸ' ಕೇಳಿಸುತ್ತದೆ. ಪೆನ್ಸಿಲ್‌ಗಳ ಅಂತರವನ್ನು 30 ಸೆಂಟಿಮೀಟರ್ ಮಾಡಿದರೆ ಇನ್ನೊಂದು 'ಸ' ಮೇಲೇರುತ್ತದೆ. (ರಬ್ಬರ್ ಬ್ಯಾಂಡಿನಿಂದ ಈ ಪ್ರಯೋಗ ಮಾಡಬೇಡಿ. ರಬ್ಬರನ್ನು ಎಳೆದಾಗ ಅದು ಬಿಗಿಯಾಗುವುದರ ಜೊತೆಗೆ ಉದ್ದವೂ ಆಗುತ್ತದೆ, ತೆಳ್ಳಗೂ ಆಗುತ್ತದೆ. ಮೂರೂ ಒಟ್ಟಿಗೆ ಬದಲಾದರೆ ಯಾವುದರಿಂದ ಏನಾಯಿತೆಂದು ಹೇಳುವುದು ಹೇಗೆ? ಉಕ್ಕಿನ ತಂತಿಯೂ ಬೇಡ. ಹರಿದರೆ ಕಣ್ಣಿಗೆ ಅಪಾಯ.)

ಈಗ ಇದನ್ನು ತಂಬೂರಿಗೆ ಹೊಂದಿಸೋಣ. ತಂಬೂರಿಗೆ ಸಾಮಾನ್ಯವಾಗಿ ನಾಲ್ಕು ತಂತಿ. ಮೊದಲನೆಯದು ಕೆಳಗಿನ 'ಪ', ನಡುವಿನ ಎರಡು 'ಸ', ಕೊನೆಯದು ಕೆಳಗಿನ 'ಸ'. ನಡುವಿನ ಎರಡಕ್ಕೆ 'ಜೋಡಿ' ಎಂದೂ ಕೊನೆಯದಕ್ಕೆ 'ಖರ್ಜ' ಎಂದೂ ಹೆಸರು. ಪೇಟಿಯ ಬಿಳಿ ಆರರ 'ಸ'ಗೆ ಶ್ರುತಿ ಮಾಡಿದರೆ ಜೋಡಿ ತಂತಿಗಳು ಸೆಕೆಂಡಿಗೆ 220 ಸಲ, ಖರ್ಜ 110 ಸಲ, ಪಂಚಮ 165 ಸಲ ಕಂಪಿಸುತ್ತವೆ. ಜೋಡಿ ತಂತಿಗಳು ಉಕ್ಕಿನವು, ತೆಳು. ಖರ್ಜದ ತಂತಿ ಹಿತ್ತಾಳೆಯದು, ದಪ್ಪ. ಏಕೆಂದು ಈಗ ನೀವೇ ಹೇಳಬಲ್ಲಿರಿ. ತೆಳು ಉಕ್ಕಿನ ತಂತಿಯನ್ನೇ 110ಕ್ಕೆ ಇಳಿಸಬೇಕಾದರೆ ಬಿಗಿತವನ್ನು ಕಾಲು ಭಾಗಕ್ಕೆ ಇಳಿಸಬೇಕಾಗುತ್ತದೆ. ಅಷ್ಟು ಸಡಿಲಾದ ತಂತಿ ಒಗೆದ ಬಟ್ಟೆ ಹಾಕುವ ಹಗ್ಗದಂತೆ ಜೋಲಾಡುತ್ತದೆಯೇ ಹೊರತು ನಾದ ಕೊಡುವುದಿಲ್ಲ.

ಯಾವ ಅಳತೆಯ ತಂಬೂರಿ ಕೊಳ್ಳಬೇಕೆಂಬುದಕ್ಕೂ ಇದರಲ್ಲೇ ಉತ್ತರವಿದೆ. ಗಂಡಸರು ಹಾಡುವ ಕೆಳಗಿನ ಶ್ರುತಿಗೆ ಉದ್ದ ತಂತಿಯ ದೊಡ್ಡ ತಂಬೂರಿ ಬೇಕು. ಹೆಂಗಸರ, ಮಕ್ಕಳ ಶ್ರುತಿಗೆ ಚಿಕ್ಕದು ಸಾಕು. "ದೊಡ್ಡದು ತಗೊಂಡ್ರ ಎಲ್ಲಾರಿಗೂ ಆಗ್ತದ" ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಉದ್ದ ತಂತಿಯನ್ನು ಮಕ್ಕಳ ಶ್ರುತಿಗೆ ಏರಿಸಲು ಹೋದರೆ ಬಿಗಿತ ಮಿತಿಮೀರಿ ತಂತಿ ಹರಿಯಬಹುದು, ದಾಂಡಿಯ ಮೇಲೂ ಭಾರ ಬೀಳುತ್ತದೆ. ಹಾಡುವವರ ಶ್ರುತಿಯನ್ನು ಪೇಟಿಯ ಮೇಲೆ ಗುರುತಿಸಿ ಬರೆದುಕೊಂಡೇ ಅಂಗಡಿಗೆ ಹೋಗಿ. ನಾವು ಆ ಹುಡುಗಿಯಿಂದ ಮೂರು ದಿನ ಬೆಳಿಗ್ಗೆ ಹಾಡಿಸಿ ಗುರುತು ಹಾಕಿಕೊಂಡೆವು. ಮೂರೂ ದಿನ ಬಿಳಿ ಆರರ ಆಸುಪಾಸಿನಲ್ಲೇ ಬಂತು.

ಸೋರೆ ಬುರುಡೆಯ ಕೆಲಸ

ಕೃಷ್ಣಾ ದಂಡೆಯ ಹಳ್ಳಿಗಳಲ್ಲಿ ಹಿಂದೆ ಮಕ್ಕಳು ಒಣಗಿದ ಸೋರೆ ಬುರುಡೆಯನ್ನು ಸೊಂಟಕ್ಕೆ ಕಟ್ಟಿಕೊಂಡು ಈಜು ಕಲಿಯುತ್ತಿದ್ದರು. ನಿಮ್ಮ ಅಜ್ಜನನ್ನು ಕೇಳಿ ನೋಡಿ. ತಂಬೂರಿಯ ಕೆಳಗಿನ ದುಂಡನೆಯ ಭಾಗವೂ ಅದೇ ಜಾತಿಯ ಬುರುಡೆ, ಆದರೆ ಬಹಳ ದೊಡ್ಡದು. ಮಿರಜದವರಿಗೆ ಇವು ಸೊಲ್ಲಾಪುರ ಜಿಲ್ಲೆಯ ಪಂಢರಪುರ, ಮಂಗಳವೇಢೆ ಕಡೆಯ ಹೊಲಗಳಿಂದ ಬರುತ್ತವೆ. ಒಣಗಿಸಿ, ಮೇಲ್ಭಾಗ ಕತ್ತರಿಸಿ, ತಿರುಳು ತೆಗೆಯುತ್ತಾರೆ. ಹುಳು ಹಿಡಿಯದಿರಲೆಂದು ಮೈಲುತುತ್ತದ ನೀರು ಬಳಸುವುದುಂಟು. ಹೌದು, ದ್ರಾಕ್ಷಿ ತೋಟಕ್ಕೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿ ಇರುವ ಮೈಲುತುತ್ತವೇ. ಬುರುಡೆಯ ಬಾಯಿಗೆ ತೆಳು ಮರದ ಹಲಗೆ ಕೂರಿಸುತ್ತಾರೆ. ಇದಕ್ಕೆ 'ತಬಲಿ' ಎನ್ನುತ್ತಾರೆ. ಇದರ ಮೇಲೆ ನಿಲ್ಲುವ ಸಣ್ಣ ಪೀಠಕ್ಕೆ ನಾವು 'ಕುದುರೆ' ಎನ್ನುತ್ತೇವೆ, ಮಿರಜದಲ್ಲಿ 'ಘೋಡಿ'. ತಂತಿಗಳು ಈ ಕುದುರೆಯ ಮೇಲೆ ಹಾಯ್ದು, ದಾಂಡಿಯುದ್ದಕ್ಕೂ ಹೋಗಿ, ತುದಿಯ ಖುಂಟಿಗಳಿಗೆ ಸುತ್ತಿಕೊಂಡಿರುತ್ತವೆ.

ಇಷ್ಟೆಲ್ಲ ಏಕೆ ಬೇಕು? ನಿಮ್ಮ ವಿಜ್ಞಾನ ಕಿಟ್‌ನಲ್ಲಿರುವ ಶ್ರುತಿಕವೆಯನ್ನು ರಬ್ಬರಿಗೆ ಬಡಿದು ಗಾಳಿಯಲ್ಲಿ ಹಿಡಿಯಿರಿ. ಕಿವಿಯ ಹತ್ತಿರ ತಂದರೆ ಮಾತ್ರ ಕೇಳಿಸುತ್ತದೆ. ಮತ್ತೆ ಬಡಿದು ಅದರ ಹಿಡಿಯ ತುದಿಯನ್ನು ಮೇಜಿನ ಹಲಗೆಗೆ ಒತ್ತಿ. ಇಡೀ ತರಗತಿಗೆ ಕೇಳಿಸುತ್ತದೆ! ತೆಳು ತಂತಿಯಾಗಲಿ ಶ್ರುತಿಕವೆಯಾಗಲಿ ಗಾಳಿಯನ್ನು ಸೀಳಿಕೊಂಡು ಹೋಗುತ್ತದೆಯೇ ಹೊರತು ಹೆಚ್ಚು ಗಾಳಿಯನ್ನು ತಳ್ಳಲಾರದು. ಅಗಲವಾದ ಹಲಗೆ ತಳ್ಳುತ್ತದೆ. ಬೀಸಣಿಗೆ ಕಡ್ಡಿಗೂ ಬೀಸಣಿಗೆಗೂ ಇರುವ ವ್ಯತ್ಯಾಸವೇ ಇದು. ಗಡಿಯಾರ ಹಿಡಿದು ಇನ್ನೊಂದು ಸಂಗತಿ ಗಮನಿಸಿ. ಮೇಜಿಗೆ ಒತ್ತಿದ ಶ್ರುತಿಕವೆ ಬೇಗ ಸುಮ್ಮನಾಗುತ್ತದೆ. ಜೋರಾಗಿ ಕೇಳಿಸುವುದೆಂದರೆ ಶಕ್ತಿಯನ್ನು ಬೇಗ ಖರ್ಚು ಮಾಡುವುದು. ಹಲಗೆ ಬಹಳ ದಪ್ಪವಾದರೆ ನಾದ ಕುಗ್ಗುತ್ತದೆ. ಬಹಳ ತೆಳುವಾದರೆ ನಾದ ಬೇಗ ಆರುತ್ತದೆ, ತಂತಿಗಳ ಭಾರಕ್ಕೆ ಹಲಗೆ ಕುಸಿಯಲೂಬಹುದು. ಒಳ್ಳೆಯ ಕುಶಲಕರ್ಮಿ ಕೆತ್ತುತ್ತ ಕೆತ್ತುತ್ತ ಹಲಗೆಯನ್ನು ಬೆರಳಿನಿಂದ ಬಡಿದು ಎಲ್ಲಿ ನಿಲ್ಲಿಸಬೇಕೆಂದು ತಿಳಿಯುತ್ತಾನೆ. ಈ ಜ್ಞಾನ ನನ್ನ ಎಂ.ಎಸ್ಸಿ.ಯಲ್ಲಿ ಇರಲಿಲ್ಲ.

ಗಿಟಾರಿನಲ್ಲೂ ಕೆಲಸ ಮಾಡುವುದು ಮುಂದಿನ ತೆಳು ಹಲಗೆಯೇ. ಇದನ್ನು ತೋರಿಸಲು ಸ್ಪೇನ್ ದೇಶದ ಆಂಟೋನಿಯೊ ಡಿ ಟೊರೆಸ್ ಎಂಬ ಗಿಟಾರ್ ತಯಾರಕ 1862ರಲ್ಲಿ ಒಂದು ತಮಾಷೆ ಮಾಡಿದ. ಮುಂದಿನ ಹಲಗೆಗೆ ಮಾತ್ರ ಒಳ್ಳೆಯ ಮರ ಹಾಕಿ, ಹಿಂಬದಿ ಮತ್ತು ಪಕ್ಕಗಳನ್ನು ಕಾಗದದ ರಟ್ಟಿನಿಂದ ಮಾಡಿದ. ಆ ಗಿಟಾರ್ ಈಗ ಬಾರ್ಸಿಲೋನಾದ ವಸ್ತುಸಂಗ್ರಹಾಲಯದಲ್ಲಿದೆ. ನನ್ನ ಹಳೆಯ ನವಿಲು ಕೆತ್ತನೆಯ ತಂಬೂರಿಯನ್ನು ನೆನೆದಾಗಲೆಲ್ಲ ನನಗೆ ಈ ರಟ್ಟಿನ ಗಿಟಾರ್ ನೆನಪಾಗುತ್ತದೆ.

ಅಂಗಡಿಯಲ್ಲಿ

ನಾವು ಐದು ಜನ ಕಾಗವಾಡದಿಂದ ಬಸ್ಸಿನಲ್ಲಿ ಮಿರಜಕ್ಕೆ ಹೋದೆವು. ನಮ್ಮ ಚೀಲದಲ್ಲಿದ್ದವು ಒಂದು ಬ್ಯಾಟರಿ, ಒಂದು ಸೀಮೆಸುಣ್ಣ, ಒಂದು ಹತ್ತಿಯ ದಾರದ ಉಂಡೆ. ಮೊದಲ ಅಂಗಡಿಯಲ್ಲೇ ಕೊಳ್ಳಬಾರದು, ಮೂರು ಕಡೆಯಾದರೂ ನೋಡಬೇಕು ಎಂದು ಬಸ್ಸಿನಲ್ಲೇ ಒಪ್ಪಂದವಾಗಿತ್ತು.

ಮೊದಲು ಕಣ್ಣಿನ ಕೆಲಸ. ಬಡಿಗ ರೀಪು ನೇರವಿದೆಯೇ ಎಂದು ಒಂದು ಕಣ್ಣು ಮುಚ್ಚಿ ನೋಡುತ್ತಾನಲ್ಲ, ಹಾಗೆ ತುದಿಯಿಂದ ದಾಂಡಿಯುದ್ದಕ್ಕೂ ನೋಡಿ. ತಿರುಚಿದ ದಾಂಡಿಗೆ ಮುಂದೆ ಮದ್ದಿಲ್ಲ. ಸರಿಯಾಗಿ ಒಣಗದ ಮರದಿಂದ ಮಾಡಿದ ವಾದ್ಯ ಮನೆಗೆ ಬಂದ ಮೇಲೆ ಒಣಗುತ್ತದೆ, ಒಣಗುತ್ತ ಬಾಗುತ್ತದೆ ಅಥವಾ ಸೀಳುತ್ತದೆ. ಮರ ಎಷ್ಟು ದಿನ ಒಣಗಿದೆ ಎಂದು ಕೇಳಲು ನಾಚಿಕೊಳ್ಳಬೇಡಿ. ಒಳ್ಳೆಯ ತಯಾರಕರಿಗೆ ಈ ಪ್ರಶ್ನೆ ಸಂತೋಷ ಕೊಡುತ್ತದೆ. ಬುರುಡೆ ಮತ್ತು ಮರ ಕೂಡುವ ಸಂದಿಯಲ್ಲಿ ಬ್ಯಾಟರಿಯ ಬೆಳಕು ಹಾಯಿಸಿ ಬಿರುಕು ಹುಡುಕಿ. ತಂತಿಗಳನ್ನು ಅಂಗೈಯಿಂದ ಮುಚ್ಚಿ ಹಿಡಿದು ತಬಲಿಯನ್ನೂ ಬುರುಡೆಯನ್ನೂ ಅಲ್ಲಲ್ಲಿ ಮೆಲ್ಲಗೆ ಬಡಿಯಿರಿ. ಎಲ್ಲಿಯಾದರೂ 'ಚರ್' ಎಂಬ ಸದ್ದು ಬಂದರೆ ಅಲ್ಲಿ ಏನೋ ಸಡಿಲಾಗಿದೆ. ಅಜ್ಜಿಯ ಗಡಿಗೆ ಪರೀಕ್ಷೆ ಇದೇ.

ಆಮೇಲೆ ಖುಂಟಿಗಳು. ಖುಂಟಿಯನ್ನು ಹಿಡಿದು ನಿಲ್ಲಿಸುವುದು ಮೊಳೆಯಲ್ಲ, ಸ್ಕ್ರೂ ಅಲ್ಲ, ಬರೀ ಘರ್ಷಣೆ. ಘರ್ಷಣೆ ಕಡಿಮೆಯಾದರೆ ಖುಂಟಿ ಜಾರಿ ತಂತಿ ಸಡಿಲಾಗುತ್ತದೆ, ಹೆಚ್ಚಾದರೆ ಕಟಕ್ ಕಟಕ್ ಎಂದು ಜಿಗಿಯುತ್ತದೆ. ಸ್ವಲ್ಪ ಜಾರುವ ಖುಂಟಿಗೆ ಸೀಮೆಸುಣ್ಣದ ಪುಡಿ ಹಚ್ಚಿದರೆ ಹಿಡಿತ ಬರುತ್ತದೆ. ಸುಣ್ಣ ಹಚ್ಚಿದರೂ ನಿಲ್ಲದಿದ್ದರೆ ಆ ವಾದ್ಯ ಬಿಡಿ.

ಈಗ ಕಿವಿಯ ಕೆಲಸ. ಜೋಡಿಯ ಎರಡು ತಂತಿಗಳನ್ನು ಒಂದೇ ಸ್ವರಕ್ಕೆ ತನ್ನಿ. ಒಂದು 220 ಸಲ, ಇನ್ನೊಂದು 222 ಸಲ ಕಂಪಿಸುತ್ತಿದ್ದರೆ ಎರಡನ್ನೂ ಕೂಡಿಸಿ ಮೀಟಿದಾಗ ನಾದ ಸೆಕೆಂಡಿಗೆ ಎರಡು ಸಲ ಏರಿ ಇಳಿಯುತ್ತದೆ. 'ವಾಂವ್... ವಾಂವ್...' ಎಂದು ತೊಟ್ಟಿಲು ತೂಗಿದಂತೆ ಕೇಳಿಸುತ್ತದೆ. ಇದಕ್ಕೆ ವಿಸ್ಪಂದ ಎನ್ನುತ್ತಾರೆ. ಎರಡು ತಂತಿಗಳ ಅಂತರ ಕಡಿಮೆಯಾದಂತೆ ತೂಗಾಟ ನಿಧಾನವಾಗಿ, ಕೊನೆಗೆ ನಿಂತುಹೋಗುತ್ತದೆ. ಕುದುರೆಯ ಹಿಂದೆ ತಂತಿಗೆ ಪೋಣಿಸಿದ ಸಣ್ಣ ಮಣಿಗಳನ್ನು ಸರಿಸಿ ಈ ಕೊನೆಯ ಕೂದಲೆಳೆಯಷ್ಟು ಹೊಂದಾಣಿಕೆ ಮಾಡುತ್ತಾರೆ. ನಮ್ಮ ಹುಡುಗಿ ಮಣಿ ಸರಿಸುತ್ತ ಕುಳಿತಳು. ತೂಗಾಟ ನಿಂತ ಕ್ಷಣ ಅವಳ ಮುಖ ನೋಡಬೇಕಿತ್ತು! ಶ್ರುತಿ ಎಂದರೆ ಏನೆಂದು ಯಾರೂ ಹೇಳದೆಯೇ ಅವಳಿಗೆ ಆಗ ತಿಳಿಯಿತು.

ಶ್ರುತಿ ಮಾಡಿದ ಮೇಲೆ ಚಹಾ ಕುಡಿದು ಬನ್ನಿ. ಹದಿನೈದು ನಿಮಿಷದ ನಂತರ ಮತ್ತೆ ಮೀಟಿ. ಹೊಸ ತಂತಿ ಸ್ವಲ್ಪ ಇಳಿಯುವುದು ಸಹಜ. ಪೂರ್ತಿ ಕೆಟ್ಟಿದ್ದರೆ ಯೋಚಿಸಬೇಕು.

ಜವಾರಿ ಮತ್ತು ರಾಮನ್

ನಮ್ಮ ಕಡೆ ಜವಾರಿ ಎಂದರೆ ಜವಾರಿ ಕೋಳಿ, ಜವಾರಿ ಮೆಣಸಿನಕಾಯಿ, ಅಂದರೆ ನಾಟಿ ತಳಿ. ತಂಬೂರಿಯವರ ಜವಾರಿ ಬೇರೆ. ತಂಬೂರಿ ಮೀಟಿದಾಗ ಜೇನುಹುಳಗಳ ಗುಂಪು ಗುಂಯ್‌ಗುಟ್ಟಿದಂತೆ ನಾದ ಅರಳುತ್ತದಲ್ಲ, ಅದು ಜವಾರಿ. ಗಿಟಾರಿನಲ್ಲಿ ತಂತಿ ಒಂದು ತೆಳು ಅಂಚಿನ ಮೇಲೆ ಹಾಯುತ್ತದೆ. ತಂಬೂರಿಯ ಕುದುರೆ ಅಗಲವಾಗಿದ್ದು, ಮೇಲ್ಮೈ ಅತಿ ಸ್ವಲ್ಪ ಉಬ್ಬಿರುತ್ತದೆ. ಕಂಪಿಸುವ ತಂತಿ ಆ ಉಬ್ಬನ್ನು ಮುಟ್ಟುತ್ತ ಬಿಡುತ್ತ ಇರುತ್ತದೆ. ತಂತಿಗೂ ಕುದುರೆಗೂ ನಡುವೆ ಒಂದೆಳೆ ಹತ್ತಿಯ ದಾರ ಇಟ್ಟು ಹಿಂದೆ ಮುಂದೆ ಸರಿಸಿದರೆ ಒಂದು ಜಾಗದಲ್ಲಿ ನಾದ ಥಟ್ಟನೆ ತೆರೆದುಕೊಳ್ಳುತ್ತದೆ.

ಇಲ್ಲಿ ನಡೆಯುವುದು ಬಹಳ ಸ್ವಾರಸ್ಯಕರ. ಒಂದು ತಂತಿ ಒಂದೇ ಸ್ವರ ನುಡಿಯುವುದಿಲ್ಲ. ಇಡೀ ತಂತಿಯಾಗಿ ಕಂಪಿಸುವಾಗಲೇ ಎರಡು ಅರ್ಧಗಳಾಗಿ, ಮೂರು ತುಂಡುಗಳಾಗಿ, ನಾಲ್ಕು ತುಂಡುಗಳಾಗಿಯೂ ಕಂಪಿಸುತ್ತದೆ. 110ರ ತಂತಿಯಲ್ಲಿ 220, 330, 440 ಕೂಡ ಅಡಗಿರುತ್ತವೆ. ಇವು ಉಪಸ್ವರಗಳು. ಯುರೋಪಿನ ವಿಜ್ಞಾನಿಗಳು ಒಂದು ನಿಯಮ ಕಂಡುಕೊಂಡಿದ್ದರು: ತಂತಿಯನ್ನು ಸರಿಯಾಗಿ ನಡುವೆ ಮೀಟಿದರೆ ಎರಡು ಅರ್ಧಗಳಾಗಿ ಕಂಪಿಸುವ ಉಪಸ್ವರ ಹುಟ್ಟುವುದಿಲ್ಲ. ಏಕೆಂದರೆ ಆ ಕಂಪನದಲ್ಲಿ ನಡುವಿನ ಬಿಂದು ಅಲುಗಾಡಬಾರದು, ನಾವು ಅದನ್ನೇ ಅಲುಗಾಡಿಸಿದ್ದೇವೆ.

ಕಲ್ಕತ್ತೆಯಲ್ಲಿದ್ದ ಸಿ.ವಿ. ರಾಮನ್ ಅವರು ತಂಬೂರಿ ಮತ್ತು ವೀಣೆಗಳನ್ನು ಪರೀಕ್ಷಿಸಿ 1921ರಲ್ಲಿ ಒಂದು ಚಿಕ್ಕ ಲೇಖನ ಪ್ರಕಟಿಸಿದರು. ಈ ವಾದ್ಯಗಳು ಆ ನಿಯಮವನ್ನು ಮೀರುತ್ತವೆ, ಹುಟ್ಟಬಾರದ ಉಪಸ್ವರ ಇವುಗಳಲ್ಲಿ ಜೋರಾಗಿಯೇ ಕೇಳುತ್ತದೆ, ಅದಕ್ಕೆ ಕಾರಣ ಕುದುರೆಯ ವಿಶೇಷ ಆಕಾರ ಎಂದು ತೋರಿಸಿದರು. ಬೆಳಕಿನ ಬಗ್ಗೆ ಅವರ ಹೆಸರಾದ ಸಂಶೋಧನೆ ನಡೆದದ್ದು 1928ರಲ್ಲಿ, ನೊಬೆಲ್ ಬಂದದ್ದು 1930ರಲ್ಲಿ. ಅದಕ್ಕೂ ಮೊದಲು ಅವರು ತಂಬೂರಿಯ ಕುದುರೆಯನ್ನು ದಿಟ್ಟಿಸಿ ನೋಡಿದ್ದರು.

ಅಂಗಡಿಯಲ್ಲಿ ನಾವು ಇದನ್ನೇ ಮಾಡಿ ನೋಡಿದೆವು. ಗಿಟಾರ್ ಪಕ್ಷದ ಹುಡುಗ ಮೊದಲು ಒಂದು ಗಿಟಾರ್ ತೆಗೆದುಕೊಂಡ. ಫ್ರೆಟ್ ಎಂದು ಕರೆಯುವ ಅಡ್ಡಪಟ್ಟಿಗಳಲ್ಲಿ ಹನ್ನೆರಡನೆಯದು ತಂತಿಯ ಸರಿಯಾದ ನಡುವೆ ಇರುತ್ತದೆ. ಅದರ ನೇರಕ್ಕೆ ಮೀಟಿ, ಕೂಡಲೇ ಅದೇ ಬಿಂದುವನ್ನು ಬೆರಳಿನಿಂದ ಹಗುರವಾಗಿ ಮುಟ್ಟಿದ. ಸದ್ದು ಹೆಚ್ಚುಕಡಿಮೆ ಪೂರ್ತಿ ಅಡಗಿತು. ಆಮೇಲೆ ತಂಬೂರಿಯ ಖರ್ಜದ ತಂತಿಯ ನಡುವಿನ ಬಿಂದುವನ್ನು ದಾರದಿಂದ ಅಳೆದು ಗುರುತಿಸಿ, ಅಲ್ಲಿ ಮೀಟಿ, ಅಲ್ಲಿಯೇ ಮುಟ್ಟಿದ. ಕೆಳಗಿನ 'ಸ' ನಿಂತಿತು, ಮೇಲಿನ 'ಸ' ಗುಂಯ್ ಎನ್ನುತ್ತಲೇ ಇತ್ತು! "ಸರ್, ಇದು ಎಲ್ಲಿಂದ ಬಂತ್ರಿ?" ಎಂದ. ಕುದುರೆಯ ಮೇಲಿನ ಹತ್ತಿಯ ದಾರ ಎಳೆದು ತೆಗೆದು ಮತ್ತೆ ಮಾಡಿಸಿದೆ. ಈ ಸಲ ಮೇಲಿನ 'ಸ' ಬಹಳ ಕ್ಷೀಣವಾಗಿತ್ತು. ಅಂಗಡಿಯ ಹಿರಿಯರು ಕೆಲಸ ಬಿಟ್ಟು ಬಂದು ನಮ್ಮೊಡನೆ ನಿಂತು ಕೇಳಿದರು.

ಮೂರು ಅಂಗಡಿ ಸುತ್ತಿದ ಮೇಲೆ ಆರಿಸಿದ್ದು ಒಂದು ಚಿಕ್ಕ ತಂಬೂರಿ. ಅದರ ಮೇಲೆ ಕೆತ್ತನೆ ಬಹಳ ಕಡಿಮೆ. ಅದೇ ಅಂಗಡಿಯಲ್ಲಿ ಬೆಲೆ ಹೆಚ್ಚಿನದೊಂದಿತ್ತು, ನೋಡಲೂ ಚೆನ್ನಾಗಿತ್ತು, ಆದರೆ ಅದರ ಎರಡನೇ ಖುಂಟಿ ಜಿಗಿಯುತ್ತಿತ್ತು. ಹುಡುಗಿ ಎರಡನ್ನೂ ಮಡಿಲಲ್ಲಿಟ್ಟುಕೊಂಡು ಹಾಡಿದಳು. ಚಿಕ್ಕದನ್ನು ಕೆಳಗಿಡಲೇ ಇಲ್ಲ.

ಮೊಬೈಲಿನಲ್ಲೇ ತಂಬೂರಿಯ ನಾದ ಸಿಗುವಾಗ ಇದೆಲ್ಲ ಏಕೆ ಎಂದು ನಿಮ್ಮಲ್ಲಿ ಕೆಲವರು ಕೇಳುತ್ತೀರಿ. ಪ್ರಶ್ನೆ ಸರಿಯಾದದ್ದೇ. ಹಣವಿಲ್ಲದ ಶಾಲೆ ಮೊಬೈಲ್ ಹಚ್ಚಿಕೊಂಡು ಹಾಡಲಿ, ಶ್ರುತಿ ತಪ್ಪದು. ಆದರೆ ಮೊಬೈಲಿನ ಶ್ರುತಿಯನ್ನು ನಾವು ಕೂಡಿಸಬೇಕಾಗಿಲ್ಲ. ವಿಸ್ಪಂದ ಹುಡುಕುವ, ಮಣಿ ಸರಿಸುವ ಕೆಲಸವೇ ಕಿವಿಯನ್ನು ತಿದ್ದುತ್ತದೆ ಎಂಬುದು ನನ್ನ ಅಭಿಪ್ರಾಯ.

ಗಿಟಾರನ್ನೇ ಕೊಳ್ಳುವವರು ನಿಮ್ಮ ಮನೆಯಲ್ಲಿದ್ದರೆ ಇಷ್ಟು ನೋಡಿ. ಉಕ್ಕಿನ ಆರು ತಂತಿಗಳ ಒಟ್ಟು ಎಳೆತ ಸುಮಾರು 70 ಕಿಲೋ, ಒಬ್ಬ ದೊಡ್ಡ ಮನುಷ್ಯ ಜೋತುಬಿದ್ದಷ್ಟು. ಆದ್ದರಿಂದ ಕತ್ತು ಬಾಗಿದೆಯೇ, ತಂತಿ ಕಟ್ಟಿದ ಜಾಗದಲ್ಲಿ ಹಲಗೆ ಉಬ್ಬಿ ಎದ್ದಿದೆಯೇ ಎಂದು ಪರೀಕ್ಷಿಸಿ. ದುಂಡು ರಂಧ್ರದ ಅಂಚಿನಲ್ಲಿ ಮರದ ಗೆರೆಗಳು ಮೇಲಿನಿಂದ ಕೆಳಗೆ ಹಾಯ್ದಿದ್ದರೆ ಹಲಗೆ ಒಂದೇ ಮರದ್ದು, ಪದರ ಪದರ ಕಂಡರೆ ಪ್ಲೈವುಡ್. ಹನ್ನೆರಡನೇ ಫ್ರೆಟ್ ಮೇಲೆ ತಂತಿಯನ್ನು ಹಗುರವಾಗಿ ಮುಟ್ಟಿ, ರಂಧ್ರದ ಬಳಿ ಮೀಟಿದಾಗ ಬರುವ ಸ್ವರವೂ, ಅಲ್ಲಿಯೇ ಗಟ್ಟಿಯಾಗಿ ಒತ್ತಿ ಮೀಟಿದಾಗ ಬರುವ ಸ್ವರವೂ ಒಂದೇ ಆಗಿರಬೇಕು. ಬೇರೆಯಾದರೆ ಆ ಗಿಟಾರ್ ಸರಿಯಾದ ಶ್ರುತಿಯಲ್ಲಿ ನುಡಿಯದು.

ಆ ಶಾಲೆಯ ಮಕ್ಕಳು ಈಗ ತಂಬೂರಿಯ ಜೊತೆಗೆ ಒಂದು ವಹಿ ಇಟ್ಟಿದ್ದಾರೆ. ದಿನಾಲು ಬೆಳಿಗ್ಗೆ ಪ್ರಾರ್ಥನೆಗೆ ಮೊದಲು ನಾಲ್ಕು ತಂತಿಗಳಲ್ಲಿ ಯಾವುದು ಇಳಿದಿದೆ, ಯಾವುದು ಏರಿದೆ, ಖುಂಟಿ ಬಿಗಿಯೋ ಸಡಿಲೋ, ಹೊರಗೆ ಮಳೆಯೋ ಬಿಸಿಲೋ ಎಂದು ಬರೆಯುತ್ತಾರೆ. ಮಳೆಗಾಲದಲ್ಲಿ ಮರ ತೇವ ಹೀರಿ ಉಬ್ಬುವುದರಿಂದ ಖುಂಟಿಗಳನ್ನು ತಿರುಗಿಸುವುದೇ ಕಷ್ಟ. ಬೇಸಿಗೆಯಲ್ಲಿ ಅವೇ ಒಣಗಿ ಜಾರುತ್ತವೆ, ಬಿಸಿಗೆ ತಂತಿಯೂ ಹಿಗ್ಗಿ ಸ್ವರ ಇಳಿಯುತ್ತದೆ. ನಾನು ಹೋದ ತಿಂಗಳು ಹೋದಾಗ ವಹಿಯ ಪುಟದಲ್ಲಿ ಹೀಗಿತ್ತು: "ರಾತ್ರಿ ಮಳೆ. ಮೂರನೇ ಖುಂಟಿ ತಿರುಗಲಿಲ್ಲ. ಗುರುಗಳು ತಿರುಗಿಸಿದರು. ಎರಡು ಜೋಡಿ ತಂತಿ ಕೂಡಿಸಲು ಆರು ನಿಮಿಷ." ಅದರ ಕೆಳಗೆ ಬೇರೆ ಅಕ್ಷರದಲ್ಲಿ, ಬಹುಶಃ ಗಿಟಾರ್ ಪಕ್ಷದವನದು: "ನನಗೆ ನಾಲ್ಕು ನಿಮಿಷ."